ಕ್ಯಾಸೆಟ್ಟಿನ ಒಳಹಾಳೆ

ಬ್ಯಾಂಡಿನಲ್ಲಿ ನಾಲ್ಕು ಜನರಿದ್ದರೂ ಲಾಹೋರು ಗುರುತು ಹಿಡಿಯುತ್ತಿದ್ದದ್ದು ಮೂವರನ್ನೇ. ಹಾಡುವ ಖಾವರ್, ಗಿಟಾರಿನ ರೌಫ್, ಡ್ರಮ್ಮಿನ ಟೀಪು. ನಾಲ್ಕನೆಯವನು ಮುನೀಬ್. ಅವನದು ಬೇಸ್ ಗಿಟಾರು. ಅದು ಮನೆಯ ಅಡಿಪಾಯದ ಹಾಗೆ. ಇದ್ದಾಗ ಯಾರ ಕಣ್ಣಿಗೂ ಬೀಳದು, ಇಲ್ಲದಿದ್ದರೆ ಗೋಡೆ ನಿಲ್ಲದು.

ಹಾಗಾಗಿಯೇ ತೊಂಬತ್ತನೆಯ ಇಸವಿಯ ಆ ಚಳಿಗಾಲದ ಮಧ್ಯಾಹ್ನ, ಬಯಲು ರಂಗಮಂದಿರದ ಗೇಟಿನಲ್ಲಿ ಕಾವಲುಗಾರ ಅವನಿಗೆ ಕೋಲು ಅಡ್ಡ ಹಿಡಿದ.

"ಫ್ಯಾಮಿಲಿ ಎಲ್ಲಿ?"

"ನಾನು ಬ್ಯಾಂಡಿನವನು ಭಾಯಿ. ನನ್ನ ಗಿಟಾರಿನ ಆಂಪ್ಲಿಫೈಯರಿನ ಫ್ಯೂಸ್ ಹೋಗಿತ್ತು, ತರಕ್ಕೆ ಹೋಗಿದ್ದೆ."

"ಬೆಳಿಗ್ಗೆಯಿಂದ ಬ್ಯಾಂಡಿನವರು ಹದಿನೇಳು ಜನ ಬಂದ್ರು. ಇಬ್ಬರು ಖಾವರನ ತಮ್ಮಂದಿರಂತೆ, ಒಬ್ಬ ಸೋದರಮಾವನಂತೆ. ಫ್ಯಾಮಿಲಿ ಇದ್ರೆ ಒಳಗೆ. ಇಲ್ದಿದ್ರೆ ದಾರಿ ಬಿಡಿ."

ಒಂಟಿ ಗಂಡಸರಿಗೆ ಪ್ರವೇಶವಿಲ್ಲ ಎಂದು ಟಿಕೆಟ್ಟಿನ ಮೇಲೆಯೇ ಅಚ್ಚಾಗಿತ್ತು. ಒಂಟಿ ಹುಡುಗರು ಸೇರಿದರೆ ಕುರ್ಚಿ ಮುರಿಯುತ್ತಾರೆ, ಸಂಸಾರವಂದಿಗರು ಕೂತು ಕೇಳುತ್ತಾರೆ ಎಂಬುದು ಆಗಿನ ಲೆಕ್ಕ. ಆ ನಿಯಮ ಮಾಡಿದವರು, ಹಾಡಬೇಕಾದವನೂ ಒಂಟಿ ಗಂಡಸೇ ಆಗಿರಬಹುದು ಎಂದು ಯೋಚಿಸಿರಲಿಲ್ಲ.

ಒಳಗಿನಿಂದ ಟೀಪು ಡ್ರಮ್ಮು ಬಡಿದು ನೋಡುವ ಸದ್ದು ಬಂತು. ಮುನೀಬ ಫ್ಯೂಸನ್ನು ಎತ್ತಿ ತೋರಿಸಿದ. ಕೋಲು ಕದಲಲಿಲ್ಲ.

ಆಗ ಹಿಂದಿನಿಂದ ಒಂದು ಕಿತ್ತಳೆ ಹಣ್ಣಿನ ಚೀಲ ಅವನ ಎದೆಗೆ ಬಂದು ತಾಗಿತು. ಬಿಳಿ ಚಾದರದ ಮುದುಕಿಯೊಬ್ಬಳು ಅದನ್ನು ಅವನ ಕೈಗೆ ತುರುಕಿ, ಸೊಂಟ ನೆಟ್ಟಗೆ ಮಾಡಿಕೊಂಡಳು.

"ಇಲ್ಲೇ ಸತ್ತೆಯಾ ನೀನು? ಎಷ್ಟು ಹೊತ್ತು ಹುಡುಕೋದು ನಿನ್ನ? ಹಿಡಿ, ನನ್ನ ಕೈ ಬಿದ್ದುಹೋಯ್ತು."

ಕಾವಲುಗಾರ ಅನುಮಾನದಿಂದ ಕೇಳಿದ. "ಇವರು ನಿಮಗೆ ಏನಾಗಬೇಕು ಅಮ್ಮಾ?"

"ನನ್ನ ಮೊಮ್ಮಗಳಿಗೆ ನಿಶ್ಚಯ ಆಗಿರೋ ಹುಡುಗ. ಇನ್ನೇನು, ವಂಶಾವಳಿ ಓದಲಾ ನಿನಗೆ?"

ಮೊಮ್ಮಗಳು ಅಜ್ಜಿಯ ಹಿಂದೆ ನಿಂತಿದ್ದಳು. ಹಸಿರು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದಳು. ಮೊದಲು ಅಜ್ಜಿಯನ್ನು ನೋಡಿದಳು, ಆಮೇಲೆ ಮುನೀಬನನ್ನು. ಬೈಯಬೇಕೋ ನಗಬೇಕೋ ಎಂದು ಕಣ್ಣುಗಳು ಒಂದು ಗಳಿಗೆ ತೂಗಿದವು. ಕೊನೆಗೆ ಎರಡೂ ಬೇಡವೆಂದು ರೆಪ್ಪೆ ಇಳಿಸಿದಳು. ಅವಳ ಬಲಗೈ ಹೆಬ್ಬೆರಳಿನ ಪಕ್ಕದಲ್ಲಿ ಒಂದು ಕಪ್ಪು ಶಾಯಿಯ ಕಲೆ ಇತ್ತು. ಮುನೀಬ ಅದನ್ನು ಯಾಕೆ ನೋಡಿದನೋ, ಆಯುಸ್ಸಿಡೀ ಮರೆಯಲಿಲ್ಲ.

ಒಳಗೆ ಬಂದರೂ ಬಿಡುಗಡೆ ಇರಲಿಲ್ಲ. ಕಾವಲುಗಾರ ದೂರದಿಂದ ನೋಡುತ್ತಲೇ ಇದ್ದ. ಮೊಮ್ಮಗಳು ನಾನಿ ಎಂದು ಕರೆಯುತ್ತಿದ್ದ ಆ ಅಜ್ಜಿ ಅವನನ್ನು ಫ್ಯಾಮಿಲಿ ಸಾಲಿನಲ್ಲಿ ತಮ್ಮಿಬ್ಬರ ನಡುವೆ ಕೂರಿಸಿದಳು.

"ಏನು ಬಾರಿಸ್ತೀಯಪ್ಪಾ ನೀನು?"

"ಬೇಸ್ ಗಿಟಾರ್, ನಾನಿ."

"ಅದು ಕೇಳಿಸತ್ತಾ?"

"ನಿಂತುಹೋದಾಗ ಗೊತ್ತಾಗತ್ತೆ," ಎಂದ ಮುನೀಬ್.

ಪಕ್ಕದಲ್ಲಿ ಹುಡುಗಿ ಮುಖ ಆ ಕಡೆ ತಿರುಗಿಸಿ ನಕ್ಕದ್ದು ಅವಳ ಭುಜದಿಂದ ತಿಳಿಯಿತು.

ಅಷ್ಟರಲ್ಲಿ ಖಾವರ್ ಮೈಕು ಹಿಡಿದು ಬಂದ. ಅವರ ಬ್ಯಾಂಡಿನ ಹೆಸರು ಚೌಬುರ್ಜಿ, ಊರಿನ ಹಳೆಯ ನಾಲ್ಕು ಗೋಪುರಗಳ ಬಾಗಿಲಿನ ಹೆಸರು. "ಮಾನ್ಯರೇ, ನಮ್ಮ ನಾಲ್ಕನೆಯ ಗೋಪುರ ಬಿದ್ದುಹೋಗಿದೆ. ಸಿಕ್ಕಿದವರು ದಯವಿಟ್ಟು ಸ್ಟೇಜಿಗೆ ತಲುಪಿಸಿ," ಎಂದ.

ಮುನೀಬ ಎದ್ದ. ಕಿತ್ತಳೆಯ ಚೀಲ ಇನ್ನೂ ಅವನ ಕೈಯಲ್ಲೇ ಇತ್ತು. ಹುಡುಗಿ ಅದನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅದನ್ನ ಇಲ್ಲೇ ಬಿಡಿ," ಎಂದಳು. "ಅಲ್ಲಿ ಅದು ಬಾರಿಸಕ್ಕಾಗಲ್ಲ."

ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

*

ಬಾಯಿಂದ ಬಿದ್ದ ಮಾತಿಗೆ ಕಾಲಿಲ್ಲದಿದ್ದರೂ ಓಟ ಬಲ್ಲದು. ನಾನಿಯ ಮನೆ ಮೊಜಂಗಿನ ಒಂದು ಗಲ್ಲಿಯಲ್ಲಿ; ಆ ಕಾವಲುಗಾರನ ಹೆಂಡತಿಯ ತವರೂ ಅದೇ ಗಲ್ಲಿ. ನಾನಿ ಮತ್ತು ಮೊಮ್ಮಗಳು ತಹ್ಮೀನಾ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಮುಟ್ಟಿ, ಕಾಲು ತೊಳೆದು ಕೂತಿತ್ತು. ಲಿಪಿಕಾರ ಇನಾಯತ್ ಸಾಹೇಬರ ಮಗಳಿಗೆ ಪಾಪ್ ಬ್ಯಾಂಡಿನ ಹುಡುಗನ ಜೊತೆ ನಿಶ್ಚಯವಂತೆ, ಮನೆಯವರೇ ಬಾಯಿಬಿಟ್ಟು ಹೇಳಿದರಂತೆ.

ಸಿಯಾಲ್‌ಕೋಟಿನಿಂದ ಒಂದು ಒಳ್ಳೆಯ ಸಂಬಂಧ ನಡೆಯುತ್ತಿತ್ತು. ಅವರು ಒಂದು ವಾರ ಸುಮ್ಮನಿದ್ದು, ಆಮೇಲೆ ಯಾರದೋ ಕೈಯಲ್ಲಿ ದೂರದಿಂದಲೇ ಸಲಾಮು ಹೇಳಿ ಕಳಿಸಿ, ಮಾತು ಮುರಿದುಕೊಂಡರು. ಅಷ್ಟೇ.

ಮುನೀಬನಿಗೆ ಇದು ತಿಳಿದದ್ದು ಮುಂದಿನ ಕಾರ್ಯಕ್ರಮದಲ್ಲಿ, ಅದೇ ಕಾವಲುಗಾರನ ಬಾಯಿಂದ. ಆ ಹುಡುಗಿಯ ಹೆಸರು ತಿಳಿದದ್ದೂ ಹಾಗೆಯೇ. ಮನೆಗೆ ಬಂದು ಅಮ್ಮಿಗೆ ಹೇಳಿದ. ಅವನ ಅಮ್ಮಿ ವಿಧವೆ, ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ಸು. ಲೋಕದಲ್ಲಿ ತಪ್ಪು ಎಲ್ಲಿ ಕಂಡರೂ ಕೆಂಪು ಶಾಯಿ ತೆಗೆಯುವವಳು.

"ನಮ್ಮಿಂದ ಒಂದು ಹುಡುಗಿಗೆ ನಷ್ಟ ಆಗಿದೆ. ನಾವೇ ತಿದ್ದಬೇಕು," ಎಂದಳು. ಭಾನುವಾರ ಮಿಠಾಯಿ ಕಟ್ಟಿಸಿಕೊಂಡು ಹೊರಟೇಬಿಟ್ಟಳು.

ಮುನೀಬನ ಎದೆಯಲ್ಲಿ ಸಂತೋಷ ಹಕ್ಕಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಹಸಿರು ದುಪಟ್ಟಾ, ಶಾಯಿಯ ಕಲೆ, ನಕ್ಕ ಭುಜ. ಎರಡು ವಾರದಿಂದ ಅವನು ಬೇಸಿನಲ್ಲಿ ಬಾರಿಸಿದ್ದೆಲ್ಲ ಅದೇ. ಆದರೆ ಇದನ್ನು ಅವನು ಅಮ್ಮಿಗೂ ಹೇಳಿರಲಿಲ್ಲ. ಹೇಳಬೇಕಿತ್ತು.

ಇನಾಯತ್ ಸಾಹೇಬರ ಕೋಣೆ ಮಹಡಿಯ ಮೇಲೆ. ಗೋಡೆಯ ತುಂಬ ಅಕ್ಷರಗಳು. ಅಮ್ಮಿ ಮಾತಾಡಿದಳು, ಚೆನ್ನಾಗಿಯೇ ಮಾತಾಡಿದಳು. "ನಮ್ಮ ಹುಡುಗನಿಂದ ನಿಮಗೆ ತೊಂದರೆ ಆಯ್ತು. ಹುಡುಗಿಯ ಹೆಸರಿಗೆ ಮಾತು ಬಂತು. ಆ ಜವಾಬ್ದಾರಿ ನಮ್ಮದು," ಎಂದಳು. ಮುನೀಬ ಏನು ಮಾಡಬೇಕೆಂದು ತಿಳಿಯದೆ ಬಿಸ್ಕತ್ತು ತಿನ್ನುತ್ತಿದ್ದ.

ತಹ್ಮೀನಾ ಚಹಾದ ತಟ್ಟೆ ಇಟ್ಟಳು. ಇಟ್ಟವಳು ಒಳಗೆ ಹೋಗಲಿಲ್ಲ.

"ಅಬ್ಬಾ, ಒಂದು ಮಾತು ಹೇಳಲಾ?"

"ಹೇಳು."

"ಗೇಟಲ್ಲಿ ನಾನಿ ಒಂದು ಸುಳ್ಳು ಹೇಳಿದ್ರು. ಇವರು ಒಳ್ಳೇ ಜನ, ಅದಕ್ಕೆ ದಂಡ ಕಟ್ಟಕ್ಕೆ ಬಂದಿದಾರೆ. ನನ್ನನ್ನ ದಂಡದ ಬಾಬ್ತಿಗೆ ಯಾರೂ ಮದುವೆ ಆಗೋದು ಬೇಡ." ಅಮ್ಮಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ಬೇಜಾರು ಮಾಡ್ಕೋಬೇಡಿ," ಎಂದಳು.

ಆಮೇಲೆ ಮುನೀಬನನ್ನು ನೋಡಿದಳು. ಒಂದು ಉಸಿರಿನಷ್ಟು ಹೊತ್ತು, ನೇರವಾಗಿ, ಏನೋ ಕೇಳಿಸೀತೇ ಎಂದು ಕಾಯುವವಳ ಹಾಗೆ. ಅವನ ಬಾಯಿ ತುಂಬ ಬಿಸ್ಕತ್ತಿತ್ತು. ನುಂಗುವಷ್ಟರಲ್ಲಿ ಅವಳು ಪರದೆಯಾಚೆ ಹೋಗಿದ್ದಳು.

ಕೊನೆಗೆ ಅಮ್ಮಿಯೇ, ಏನಾದರೂ ಹೇಳಬೇಕಲ್ಲ ಎಂದು, "ಇವರ ಮೊದಲನೇ ಕ್ಯಾಸೆಟ್ಟು ಬರ್ತಿದೆ," ಎಂದಳು.

ಇನಾಯತ್ ಸಾಹೇಬರ ಮುಖ ಬೆಳಗಿತು. ಮಗಳ ಮಾತಿನಿಂದ ತಪ್ಪಿಸಿಕೊಳ್ಳಲು ಅವರಿಗೂ ಒಂದು ದಾರಿ ಬೇಕಿತ್ತು.

"ಅಕ್ಷರ ಯಾರು ಬರೀತಾರೆ?" ಎಂದರು.

*

ಹೀಗೆ ಮದುವೆ ಕೇಳಲು ಹೋದವನು ಕೆಲಸ ಕೊಟ್ಟು ಬಂದ. ಕ್ಯಾಸೆಟ್ಟಿನ ಡಬ್ಬಿಯೊಳಗೆ ಮಡಿಸಿಡುವ ಒಳಹಾಳೆಗೆ ಹಾಡುಗಳನ್ನು ಬರೆದುಕೊಡುವ ಕೆಲಸ.

ಇನಾಯತ್ ಸಾಹೇಬರ ಕೈ ಆಗಲೇ ನಡುಗುತ್ತಿತ್ತು. ಗಿರಾಕಿಗಳು ಮಾತಾಡುವುದು ಅವರ ಜೊತೆ, ಬರೆಯುವುದು ತಹ್ಮೀನಾ. ಇದು ಗಲ್ಲಿಗೆಲ್ಲ ಗೊತ್ತಿದ್ದ ಗುಟ್ಟು. ತಗ್ಗು ಮೇಜು, ಹಳದಿ ಕಾಗದ, ಜೊಂಡಿನ ಲೇಖನಿ, ಲೇಖನಿ ಹೆಚ್ಚು ಶಾಯಿ ಹೀರದಂತೆ ರೇಷ್ಮೆಯ ಎಳೆ ತುಂಬಿದ ಶಾಯಿಕುಡಿಕೆ. ಅವಳು ಕೂತರೆ ಕೋಣೆಯೇ ಉಸಿರು ಹಿಡಿಯುತ್ತಿತ್ತು.

ಮುನೀಬ ಹಾಡುಗಳ ಕಾಗದ ಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು.

"ಇದು ಯಾವ ಭಾಷೆ?"

"ಉರ್ದುವೇ." ಅವನ ಕಿವಿ ಬಿಸಿಯಾಯಿತು. ಖಾವರನೂ ಅವನೂ ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಹಾಡು ಉರ್ದುವಿನಲ್ಲಿ ಕಟ್ಟಿದರೂ ಬರೆದುಕೊಳ್ಳುತ್ತಿದ್ದದ್ದು ಇಂಗ್ಲಿಷ್ ಅಕ್ಷರದಲ್ಲಿ.

"ಪ್ಯಾಂಟು ಹಾಕ್ಕೊಂಡು ಬಂದಿದೆ ಪಾಪ, ಗುರುತೇ ಸಿಗಲಿಲ್ಲ," ಎಂದಳು ತಹ್ಮೀನಾ. ಕಾಗದವನ್ನು ವಾಪಸು ಕೊಟ್ಟಳು. "ಓದಿ ಹೇಳಿ. ನಾನು ಕೇಳಿ ಬರೀತೀನಿ. ಸಾಲಿನ ಉಸಿರು ಎಲ್ಲಿ ನಿಲ್ಲತ್ತೆ ಅಂತ ಕೈಗೆ ಮೊದಲೇ ಗೊತ್ತಾಗಬೇಕು."

ಅವನಿಗೆ ಹಾಡಲು ಬಾರದು. ಓದಬಲ್ಲ. ಕಿಟಕಿಯ ಬಳಿ ಇನಾಯತ್ ಸಾಹೇಬರು ಭೂತಗನ್ನಡಿ ಹಿಡಿದು ಯಾವುದೋ ಮದುವೆ ಕಾಗದ ತಿದ್ದುತ್ತಿದ್ದರು. ಮುನೀಬ ಗಂಟಲು ಸರಿಮಾಡಿಕೊಂಡ.

"ನೀನು ನಡೆದುಹೋದ ಬೀದಿಯಲ್ಲಿ..."

"ನಿಲ್ಲಿ."

ಲೇಖನಿ ಕಾಗದದ ಮೇಲೆ ಕಿರ್ರೆಂದು ಸರಿಯಿತು. ಅವಳು ತಲೆ ಎತ್ತಲಿಲ್ಲ.

"'ನೀನು' ಅಂತ ಅಷ್ಟು ಜೋರಾಗಿ ಹೇಳಬೇಕಿಲ್ಲ. ನಾನು ಇಲ್ಲೇ ಇದ್ದೀನಿ."

ಕಿಟಕಿಯ ಬಳಿ ಒಂದು ಕೆಮ್ಮು ಕೇಳಿಸಿತು.

"ನೀನು ನಡೆದುಹೋದ ಬೀದಿಯಲ್ಲಿ," ಎಂದ ಅವನು ಮೆಲ್ಲಗೆ, "ಇನ್ನೂ ಬಿಸಿಲು ನಿಂತಿದೆ."

"ಬರೆದೆ. ಮುಂದೆ."

"ಹೊರಡು ಅಂದರೆ ಹೊರಡದು... ನಿನ್ನ ಹಾಗೆ ಹಠ ಅದಕ್ಕೆ."

ಲೇಖನಿ ಒಂದು ಚಣ ನಿಂತಿತು. ರೆಪ್ಪೆ ಅರ್ಧ ಮೇಲೆದ್ದು, ಅವನ ಅಂಗಿಯ ಗುಂಡಿಯವರೆಗೆ ಬಂದು, ಮತ್ತೆ ಇಳಿಯಿತು.

"ಇದನ್ನ ಕಟ್ಟಿದವರು ಯಾರು?"

"ಖಾವರ್."

"ಎಲ್ಲಾನೂ?"

"ಎಲ್ಲಾನೂ ಅವನೇ."

"ಅವರಿಗೆ ಹೇಳೋದು ತುಂಬಾ ಇದೆ ಪಾಪ," ಎಂದಳು. ಲೇಖನಿಯನ್ನು ಶಾಯಿಗೆ ಅದ್ದಿದಳು.

ಎಂಟು ಹಾಡುಗಳಿಗೆ ನಾಲ್ಕು ದಿನ ಹಿಡಿಯಿತು. ಒಂದೇ ದಿನದಲ್ಲಿ ಮುಗಿಸಬಹುದಾದ ಕೆಲಸ ಅದು ಎಂದು ಮೂವರಿಗೂ ಗೊತ್ತಿತ್ತು. ಮೂವರೂ ಹೇಳಲಿಲ್ಲ.

*

ಆ ಕ್ಯಾಸೆಟ್ಟು ಪೇಷಾವರದಿಂದ ಕರಾಚಿಯವರೆಗೆ ಓಡಿತು. ಲಾರಿಗಳಲ್ಲಿ, ಕ್ಷೌರದ ಅಂಗಡಿಗಳಲ್ಲಿ, ಹುಡುಗಿಯರ ಹಾಸ್ಟೆಲಿನ ಕಿಟಕಿಗಳಲ್ಲಿ ಖಾವರನ ದನಿ. ಟಿವಿಯವರು ಕರೆದರು, ಉದ್ದ ಕೂದಲು ಆಗದು ಎಂದರು. ಖಾವರ್ ಕತ್ತರಿಸಿದ, ರೌಫ್ ಕತ್ತರಿಸಿದ. ಟೀಪು ಒಪ್ಪಲಿಲ್ಲ, ಕೊನೆಗೆ ಅವನನ್ನು ಒಂದು ಕುಂಡದ ಗಿಡದ ಹಿಂದೆ ಕೂರಿಸಿ ಚಿತ್ರ ತೆಗೆದರು. ಮುನೀಬನಿಗೆ ಯಾರೂ ಏನೂ ಹೇಳಲಿಲ್ಲ. ಅವನು ಚೌಕಟ್ಟಿನಲ್ಲಿ ಅರ್ಧವಷ್ಟೇ ಬಿದ್ದಿದ್ದ.

"ನಿಮ್ಮ ಎಡಗೈ ಚೆನ್ನಾಗಿ ಬಂದಿತ್ತು," ಎಂದಳು ತಹ್ಮೀನಾ, ಎರಡನೆಯ ಕ್ಯಾಸೆಟ್ಟಿನ ಹೊತ್ತಿಗೆ. "ನಾನಿ ಟಿವಿಗೆ ಬೆರಳಿಟ್ಟು ತೋರಿಸಿದ್ರು. ಇದು ನಮ್ಮ ಹುಡುಗನ ಕೈ ಅಂತ."

"ನೀವು?"

"ನಾನು ಬೇಳೆ ಆರಿಸ್ತಿದ್ದೆ." ಒಂದು ಸಾಲು ಬರೆದು ಮುಗಿಸಿ ಸೇರಿಸಿದಳು. "ಎರಡು ಸಲ ಆರಿಸಬೇಕಾಯ್ತು."

ಎರಡನೆಯದು ತೊಂಬತ್ತೆರಡರಲ್ಲಿ, ಮೂರನೆಯದು ತೊಂಬತ್ತನಾಲ್ಕರಲ್ಲಿ. ನಡುವೆ ದುಬೈ, ಲಂಡನ್ನು, ಟೊರಾಂಟೊ. ಎಲ್ಲಿ ಹೋದರೂ ಮುನೀಬ ಬೆರಳಲ್ಲಿ ಎಣಿಸುತ್ತಿದ್ದದ್ದು ಮುಂದಿನ ಒಳಹಾಳೆಗೆ ಇನ್ನೆಷ್ಟು ತಿಂಗಳೆಂದು. ಕ್ಯಾಸೆಟ್ಟು ಇದ್ದರೆ ಹಾಡು, ಹಾಡಿದ್ದರೆ ಅಕ್ಷರ, ಅಕ್ಷರವಿದ್ದರೆ ಮೊಜಂಗಿನ ಆ ಮಹಡಿಯ ಮೆಟ್ಟಿಲು. ಬೇರೆ ಯಾವ ನೆಪದಲ್ಲಿ ಹತ್ತಲಿ?

ಟೀಪು ಹಂಗಿಸುತ್ತಿದ್ದ. "ಮತ್ತೆ ಕೇಳೋ ಮಾರಾಯ. ಅಮ್ಮಿಯನ್ನ ಮತ್ತೆ ಕಳಿಸು."

"ಒಂದು ಸಲ ಬೇಡ ಅಂದಿದಾಳೆ."

"ಆದ್ರೇನು?"

"ಬೇಡ ಅಂದ ಬಾಗಿಲನ್ನ ಎರಡನೇ ಸಲ ತಟ್ಟಬಾರದು. ನಮ್ಮ ಅಬ್ಬಾ ಹೇಳ್ತಿದ್ರು. ಅದು ಮರ್ಯಾದಸ್ಥರ ಲಕ್ಷಣ ಅಲ್ಲ."

"ನಿಮ್ಮ ಅಬ್ಬಾ ಕಂದಾಯ ವಸೂಲಿಗೆ ಹೋಗ್ತಿದ್ರು ಕಣೋ," ಎಂದ ಟೀಪು. "ಹೆಣ್ಣು ಕೇಳಕ್ಕಲ್ಲ."

ಮುನೀಬ ನಗಲಿಲ್ಲ. ಅವನದು ಆಳವಾದ ನಂಬಿಕೆ. ಒಮ್ಮೆ ಬೇಡ ಎಂದವಳ ಎದುರು ಸುಮ್ಮನಿರುವುದೇ ಗೌರವ ಎಂದು ತಿಳಿದಿದ್ದ. ಹಾಗೆಂದೇ ಬೇರೆಯವನ ಪ್ರೇಮದ ಮಾತುಗಳನ್ನು ಒಂದೊಂದಾಗಿ ಅವಳ ಮುಂದೆ ಓದಿ, ತನ್ನದನ್ನು ಹಾಗೇ ಹೊತ್ತುಕೊಂಡು ಮೆಟ್ಟಿಲಿಳಿಯುತ್ತಿದ್ದ.

ಮೂರನೆಯ ಕ್ಯಾಸೆಟ್ಟಿನ ಕೊನೆಯ ದಿನ ಅವಳು ಲೇಖನಿ ಒರೆಸಿಟ್ಟು ಕೇಳಿದಳು. "ಇನ್ನೇನೂ ಇಲ್ವಾ?"

ಅವನು ಕಾಗದ ತಿರುಗಿಸಿ ನೋಡಿದ. "ಇಲ್ಲ. ಎಂಟೇ ಹಾಡು."

"ಸರಿ ಹಾಗಾದ್ರೆ," ಎಂದಳು. ಶಾಯಿಕುಡಿಕೆಯ ಮುಚ್ಚಳವನ್ನು ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚಿಗೆ ತಿರುಗಿಸಿದಳು.

*

ನಾಲ್ಕನೆಯ ಕ್ಯಾಸೆಟ್ಟಿಗೆ ಕರಾಚಿಯ ಕಂಪನಿಯಿಂದ ಹೊಸ ಹುಡುಗ ಬಂದಿದ್ದ. ಅಕ್ಷರಕ್ಕೆ ಇನ್ನು ಲಿಪಿಕಾರರು ಬೇಕಿಲ್ಲ, ಕಂಪ್ಯೂಟರೇ ಉರ್ದು ಬರೆಯುತ್ತದೆ, ಮಧ್ಯಾಹ್ನದೊಳಗೆ ಎಂಟು ಹಾಡು ಎಂದ. ಒಂದು ಮಾದರಿಯನ್ನೂ ತೋರಿಸಿದ. ಎಲ್ಲ ಅಕ್ಷರಗಳೂ ಪೆರೇಡಿಗೆ ನಿಂತ ಹಾಗಿದ್ದವು.

"ಆಗಲ್ಲ," ಎಂದ ಮುನೀಬ್.

ಎಲ್ಲರೂ ಅವನ ಕಡೆ ತಿರುಗಿದರು. ಆರು ವರ್ಷದಲ್ಲಿ ಅವನು ಯಾವುದಕ್ಕೂ ಆಗಲ್ಲ ಎಂದಿರಲಿಲ್ಲ. ಹಾಡಿನ ಶ್ರುತಿ ಬದಲಾಯಿಸಿದಾಗಲೂ ಇಲ್ಲ, ಪೋಸ್ಟರಿನಿಂದ ಅವನ ಮುಖ ಬಿಟ್ಟುಹೋದಾಗಲೂ ಇಲ್ಲ.

ಕಂಪನಿಯ ಹುಡುಗ ಹೋದ ಮೇಲೆ ಖಾವರ್ ಬಾಗಿಲು ಹಾಕಿ ಬಂದ. ಕುರ್ಚಿಯನ್ನು ತಿರುಗಿಸಿ, ಬೆನ್ನಿನ ಮೇಲೆ ಗದ್ದವಿಟ್ಟು ಕೂತ.

"ನಾನು ಹೇಗೂ ಹೇಳಬೇಕು ಅಂತಿದ್ದೆ. ಇದೇ ಕೊನೇದು. ಆಮೇಲೆ ನಾನು ಒಬ್ಬನೇ ಹಾಡ್ತೀನಿ."

ರೌಫ್ ನೆಲ ನೋಡಿದ. ಅವನಿಗೆ ಮೊದಲೇ ಗೊತ್ತಿತ್ತು. ಟೀಪು ಒಂದು ಬೈಗುಳ ಶುರುಮಾಡಿ, ಅರ್ಧಕ್ಕೆ ಬಿಟ್ಟ.

"ಇನ್ನೊಂದು ಮಾಡೋಣ," ಎಂದ ಮುನೀಬ್. "ಇನ್ನೊಂದೇ ಒಂದು. ಎರಡು ವರ್ಷ. ಕಂಪನಿ ಬದಲಾಯಿಸೋಣ."

"ನಿನಗೆ ಬ್ಯಾಂಡ್ ಬೇಕೋ, ಒಳಹಾಳೆ ಬೇಕೋ?"

ಮೇಜಿನ ಮೇಲೆ ಉಳಿದಿದ್ದ ಮಾದರಿ ಹಾಳೆಯನ್ನು ಮುನೀಬ ಮಡಿಸತೊಡಗಿದ.

"ಮಗಾ," ಎಂದ ಖಾವರ್. ಅವನ ದನಿಯಲ್ಲಿ ಹಂಗಿಸುವ ಧಾಟಿ ಇರಲಿಲ್ಲ. "ನೀನು ಅವಳಿಗೆ ಹೇಳಬೇಕಾದ ಒಂದು ಮಾತಿಗೆ ನಾನು ಮೂವತ್ತೆರಡು ಹಾಡು ಕಟ್ಟಿಕೊಟ್ಟಿದೀನಿ. ಇನ್ನೆಷ್ಟು ಹಾಡಲಿ? ನನ್ನ ಗಂಟಲೂ ಮನುಷ್ಯನದೇ."

ನಾಲ್ಕನೆಯ ಕ್ಯಾಸೆಟ್ಟಿನ ಅಕ್ಷರಗಳನ್ನು ಕಂಪ್ಯೂಟರು ಬರೆಯಿತು. ಯಾರೂ ಓದಿ ಹೇಳಬೇಕಾಗಲಿಲ್ಲ.

*

ಚೌಬುರ್ಜಿಯ ಕೊನೆಯ ಕಾರ್ಯಕ್ರಮ ಒಂದು ಗುರುವಾರ ಮಧ್ಯಾಹ್ನ. ಮುಗಿದ ಮೇಲೆ ಜನ ಸ್ಟೇಜಿಗೆ ನುಗ್ಗಿ ಖಾವರನನ್ನು ಎತ್ತಿಕೊಂಡರು. ಕೆಲವರು ಅಳುತ್ತಿದ್ದರು. ಮುನೀಬ ತನ್ನ ತಂತಿಗಳನ್ನು ಸುತ್ತುತ್ತಿರುವಾಗ ಫ್ಯಾಮಿಲಿ ಸಾಲಿನಿಂದ ನಾನಿ ಕೋಲೂರಿಕೊಂಡು ಬಂದಳು. ಒಬ್ಬಳೇ.

"ಒಬ್ಬರೇ ಬಂದಿರಾ ನಾನಿ?"

"ಒಬ್ಬಳೇ. ಅವಳಿಗೆ ಮನೇಲಿ ಕೆಲಸ. ನಾಳೆ ಜುಮ್ಮಾ ನಮಾಜು ಆದ್ಮೇಲೆ ಮುಲ್ತಾನಿನವರು ಬರ್ತಾರೆ. ಹುಡುಗ ನೀರಾವರಿ ಎಂಜಿನಿಯರು. ಇವಳಪ್ಪ ಈ ಸಲ ಹೂಂ ಅಂದುಬಿಡ್ತಾನೆ."

ಮುನೀಬನ ಕೈಯಲ್ಲಿ ತಂತಿ ಗಂಟಾಯಿತು.

ನಾನಿ ಕೋಲಿನ ತುದಿಯಿಂದ ಅವನ ಬೂಟನ್ನು ತಟ್ಟಿದಳು. "ಹೊಸದಾ?"

"ಹಳೇದೇ ನಾನಿ. ನಾಲ್ಕು ವರ್ಷ ಆಯ್ತು."

"ಅಟ್ಟೆ ಸವೆದೇ ಇಲ್ಲ ನೋಡು." ತಲೆಯಾಡಿಸಿದಳು. "ನಿಮ್ಮ ತಾತ ನನ್ನನ್ನ ಕೇಳಕ್ಕೆ ಹನ್ನೊಂದು ಸಲ ಬಂದ್ರು. ಮೂರು ಜೊತೆ ಜೋಡು ಸವೆಸಿದ್ರು. ಹನ್ನೊಂದನೇ ಸಲ ನಮ್ಮಪ್ಪ ಕೇಳಿದ, ಏನಯ್ಯಾ, ನಿನಗೆ ಬೇರೆ ಕೆಲಸ ಇಲ್ವಾ ಅಂತ. ಇಲ್ಲ ಅಂದ್ರು. ಅದಕ್ಕೇ ಕೊಟ್ಟ." ಅಷ್ಟು ಹೇಳಿ ಗೇಟಿನ ಕಡೆ ನಡೆದಳು. 'ನಿಮ್ಮ ತಾತ' ಎಂದದ್ದನ್ನು ಅವಳು ತಿದ್ದಿಕೊಳ್ಳಲಿಲ್ಲ.

ಆ ಇರುಳು ಹೇಗೆ ಕಳೆಯಿತೋ ಅವನಿಗೇ ಗೊತ್ತು. ಬೆಳಗಾದ ಮೇಲೆ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಂಜು ಇನ್ನೂ ಬಿಡದ ಬೀದಿಯಲ್ಲಿ ಮೊಜಂಗಿಗೆ ನಡೆದ. ಕೈಯಲ್ಲಿ ಏನೂ ಇರಲಿಲ್ಲ. ಆರು ವರ್ಷದಲ್ಲಿ ಮೊದಲ ಸಲ ಬರಿಗೈಯಲ್ಲಿ ಆ ಮೆಟ್ಟಿಲು ಹತ್ತಿದ.

ಇನಾಯತ್ ಸಾಹೇಬರು ಕಿಟಕಿಯ ಬಳಿ ಬಿಸಿಲಿಗೆ ಕಾಯುತ್ತಿದ್ದರು. ತಹ್ಮೀನಾ ತಗ್ಗು ಮೇಜಿನ ಹಿಂದೆ ಲೇಖನಿಯ ಮೊನೆ ಕತ್ತರಿಸುತ್ತಿದ್ದಳು. ಹೆಣ್ಣು ನೋಡಲು ಬರುವ ದಿನದ ಉಡುಪು ಅವಳ ಮೈಮೇಲಿರಲಿಲ್ಲ. ದಿನದ ಬೂದುಬಣ್ಣದ ಕಮೀಜು, ತೋಳು ಮಡಿಸಿಕೊಂಡದ್ದು. ಒಳಗಿನಿಂದ ಹಾಲು ಬತ್ತುವ, ಏಲಕ್ಕಿಯ ವಾಸನೆ ಬರುತ್ತಿತ್ತು.

"ಬಾ ಬೇಟಾ," ಎಂದರು ಸಾಹೇಬರು. "ಹೊಸ ಕ್ಯಾಸೆಟ್ಟಾ?"

"ಇಲ್ಲ. ಬ್ಯಾಂಡು ಮುಗೀತು."

"ಕೇಳಿದೆ. ಪಾಪ. ಮತ್ತೆ ಕಾಗದ ಏನು ತಂದೆ?"

"ಕಾಗದ ಇಲ್ಲ."

ತಹ್ಮೀನಾಳ ಚಾಕು ನಿಂತಿತು. ಅವಳು ತಲೆ ಎತ್ತಲಿಲ್ಲ.

ಮುನೀಬ ಚಾಪೆಯ ಅಂಚಿನಲ್ಲಿ ಕೂತ.

"ಅಮ್ಮಿಯನ್ನ ಕರ್ಕೊಂಡು ಬರಬೇಕಿತ್ತು. ಅದೇ ಪದ್ಧತಿ. ಆದ್ರೆ ಅವತ್ತು ಅಮ್ಮಿಯೇ ಎಲ್ಲಾ ಮಾತಾಡಿದ್ರು, ನಾನು ಒಂದೂ ಆಡಲಿಲ್ಲ. ಅದು ತಪ್ಪಾಯ್ತು." ಉಸಿರು ತೆಗೆದುಕೊಂಡ. "ಅವತ್ತು ನಾನು ದಂಡ ಕಟ್ಟಕ್ಕೆ ಬಂದಿರಲಿಲ್ಲ. ಗೇಟಲ್ಲಿ ಇವರನ್ನ ನೋಡಿದ ಗಳಿಗೆಯಿಂದ ನನಗೆ ಬೇರೆ ಏನೂ ತಲೇಲಿ ಇರಲಿಲ್ಲ. ನಾನಿ ಸುಳ್ಳು ಹೇಳಿದ್ರು ಅಂತ ಎಲ್ಲರಿಗೂ ಬೇಜಾರಾಯ್ತು. ನನಗೆ ಅದು ಸುಳ್ಳು ಅನ್ನೋದೇ ಬೇಜಾರು. ಈಗ ನಾನು ಹೆಸರಿರೋ ಬ್ಯಾಂಡಿನವನಲ್ಲ. ಒಂದು ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಕೆಲಸ ಸಿಕ್ಕಿದೆ, ಅಷ್ಟೇ. ಕೇಳಬೇಕು ಅನ್ನಿಸ್ತು. ಬೇಡ ಅಂದ್ರೆ ಇನ್ನೊಂದು ಸಲ ಕೇಳಕ್ಕೆ ಬರ್ತೀನಿ. ಅದಕ್ಕೂ ಬೇಡ ಅಂದ್ರೆ ಇನ್ನೊಂದು ಸಲ."

ಕಿಟಕಿಯ ಹೊರಗೆ ಯಾರೋ ಗಜ್ಜರಿಯ ಗಾಡಿ ತಳ್ಳಿಕೊಂಡು ಹೋದರು. ಕೂಗು ಗಲ್ಲಿಯ ತುದಿ ಮುಟ್ಟಿತು.

"ಆರು ವರ್ಷ," ಎಂದಳು ತಹ್ಮೀನಾ. ದನಿ ತೀರ ತಗ್ಗಿತ್ತು. "ಮೂರು ಸಲ ಇಲ್ಲೇ ಕೂತ್ಕೊಂಡು ಖಾವರ್ ಸಾಹೇಬರ ಮನಸ್ಸೆಲ್ಲಾ ನನಗೆ ಓದಿ ಹೇಳಿದ್ರಿ."

"ನೀವು ಬೇಡ ಅಂದಿದ್ರಿ."

"ದಂಡ ಬೇಡ ಅಂದೆ. ನಿಮ್ಮನ್ನ ಬೇಡ ಅಂದ್ನಾ?" ಈಗ ತಲೆ ಎತ್ತಿದಳು. ಕಣ್ಣು ಒದ್ದೆಯಾಗಿತ್ತು, ಆದರೂ ತುಟಿಯ ಒಂದು ಮೂಲೆ ನಗುವನ್ನು ಹಿಡಿದಿಟ್ಟುಕೊಂಡಿತ್ತು. "ನಿಮ್ಮ ಇಂಗ್ಲಿಷ್ ಸ್ಕೂಲಲ್ಲಿ ಒಂದು ಸಲ ಉತ್ತರ ತಪ್ಪಾದ್ರೆ ಪರೀಕ್ಷೆನೇ ಮುಗೀತಾ?"

"ನಾನು ಮರ್ಯಾದೆ ಅಂದ್ಕೊಂಡೆ."

"ನಾನು ಹಾಡು ಮುಗಿದ್ಮೇಲೆ ಪ್ರತಿ ಸಲ ಕೇಳ್ತಿದ್ದೆ, ಇನ್ನೇನೂ ಇಲ್ವಾ ಅಂತ. ನೀವು ಕಾಗದ ತಿರುಗಿಸಿ ನೋಡ್ತಿದ್ರಿ."

ಮುನೀಬನಿಗೆ ಆ ಮೂರು ದಿನಗಳೂ ಒಂದರ ಹಿಂದೊಂದು ನೆನಪಾಗಿ, ಮುಖ ಮುಚ್ಚಿಕೊಳ್ಳಬೇಕೆನಿಸಿತು. ಮುಚ್ಚಿಕೊಳ್ಳಲಿಲ್ಲ. ಅವಳನ್ನು ನೋಡುತ್ತಲೇ ಕೂತ. ಇಷ್ಟು ವರ್ಷದಲ್ಲಿ ಇಷ್ಟು ಹೊತ್ತು ನೋಡಿದ್ದು ಇದೇ ಮೊದಲು. ಅವಳೂ ಕಣ್ಣು ತೆಗೆಯಲಿಲ್ಲ. ಇಬ್ಬರ ನಡುವೆ ಹಳದಿ ಕಾಗದವೊಂದು ಬರೆಸಿಕೊಳ್ಳದೆ ಬಿದ್ದಿತ್ತು.

ಇನಾಯತ್ ಸಾಹೇಬರು ಭೂತಗನ್ನಡಿ ಕೆಳಗಿಟ್ಟರು. ಅವರು ಅಷ್ಟು ಸುಲಭಕ್ಕೆ ಕರಗುವ ಮನುಷ್ಯರಲ್ಲ. ಆದರೆ ಒಂದು ಸಾಲು ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ದೂರದಿಂದಲೇ ಹೇಳಬಲ್ಲವರು.

"ಮುಲ್ತಾನಿನವರು ರೈಲು ಹತ್ತಿರ್ತಾರೆ," ಎಂದರು ನಿಧಾನವಾಗಿ. "ಅವರಿಗೇನು ಹೇಳೋಣ? ಮಾತು ಕೊಟ್ಟು ಕರೆಸಿದೀನಿ."

"ಹತ್ತಿಲ್ಲ ಅಬ್ಬಾ. ಮುಂಜಾವಿನ ಫಜರ್ ನಮಾಜಾದ ತಕ್ಷಣ ಗಲ್ಲಿಯ ಹಕೀಮರ ಮನೆಗೆ ಹೋಗಿ ಅವರ ಫೋನಿಂದ ಬರಬೇಡಿ ಅಂತ ಹೇಳಿಬಿಟ್ಟೆ." ಅವಳು ಲೇಖನಿಯ ಮೊನೆಯನ್ನು ಬೆರಳಿಂದ ಸವರಿದಳು. "ನೀವು ಬಯ್ತೀರಿ ಅಂತ ಗೊತ್ತಿತ್ತು. ಚಹಾ ಕುಡಿದ್ಮೇಲೆ ಹೇಳೋಣ ಅಂತಿದ್ದೆ."

ಸಾಹೇಬರು ಬಯ್ಯಲು ಬಾಯಿ ತೆರೆದರು. ಮಗಳ ಮುಖ ನೋಡಿದರು. ಭೂತಗನ್ನಡಿಯನ್ನು ಮತ್ತೆ ಕೈಗೆತ್ತಿಕೊಂಡರು.

ಮುನೀಬ ಲೆಕ್ಕ ಹಾಕಿದ. ಫಜರ್ ಹೊತ್ತಿಗೆ ಅವನಿನ್ನೂ ಮನೆಯಲ್ಲಿ ಹಾಸಿಗೆಯ ಅಂಚಿನಲ್ಲಿ ಕೂತು, ಹೋಗಲೋ ಬೇಡವೋ ಎನ್ನುತ್ತಿದ್ದ.

"ಆ ಹೊತ್ತಿಗೆ ನಾನಿನ್ನೂ ಹೊರಟೇ ಇರಲಿಲ್ಲ," ಎಂದ. "ನಾನು ಬರ್ತೀನಿ ಅಂತ ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಲಿಲ್ಲ."

"ಬರದೇ ಇದ್ದಿದ್ರೆ?"

"ಬರದೇ ಇದ್ದಿದ್ರೂ ಅವರು ಬರೋದು ಬೇಡವಾಗಿತ್ತು."

ಅವಳು ಎದ್ದಳು. ತೋಳು ಬಿಡಿಸಿಕೊಂಡು, ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು, ಪರದೆಯವರೆಗೆ ಹೋಗಿ ನಿಂತಳು. ಈ ಸಲ ಆಚೆ ಹೋಗಲಿಲ್ಲ.

"ಅವರಿಗೆ ಅಂತ ನಾನಿ ಬೆಳಗಿನ ಜಾವದಿಂದ ಖೀರು ಕುದಿಸ್ತಿದಾರೆ. ದೊಡ್ಡ ಪಾತ್ರೆ," ಎಂದಳು. "ಸಂಜೆ ಅಮ್ಮಿಯನ್ನ ಕರ್ಕೊಂಡು ಬನ್ನಿ. ನಾವು ನಾಲ್ಕು ಜನಕ್ಕೆ ಅದು ಮುಗಿಯಲ್ಲ."

ಆ ಮನೆಯವರು ಮೂವರೇ, ಸಾಹೇಬರು, ನಾನಿ, ಅವಳು. ಅವಳ ಲೆಕ್ಕ ಅರ್ಥವಾಗಲು ಮುನೀಬನಿಗೆ ಕೆಳಗಿನ ಬೀದಿಯವರೆಗೆ ಇಳಿಯಬೇಕಾಯಿತು. ಅರ್ಥವಾದ ಮೇಲೆ ಅವನು ಅಲ್ಲೇ ಬಾಗಿಲ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತ. ಮಂಜು ಬಿಡುತ್ತಿತ್ತು.